ಕಮಿಲ್ಲಸ್ ರಾಣಿಯ ಪಿಂಚಣಿಗೆ ಕಾದದ್ದು

ಕಮಿಲ್ಲಸ್ ಪಿರೇರಾ ಸುಳ್ಳು ಹೇಳುವ ಮನುಷ್ಯರಲ್ಲ. ನಿಜವನ್ನೇ ಹೇಳುತ್ತಿದ್ದರು, ಸ್ವಲ್ಪ ಇಸ್ತ್ರಿ ಹಾಕಿ ಹೇಳುತ್ತಿದ್ದರು, ಅಷ್ಟೆ. ಸಿಡ್ನಿಯ ಒಂದು ಸ್ಟೇಷನ್ನಿನ ಕಿಟಕಿಯಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು, ಯಾರಾದರೂ ಕೇಳಿದರೆ "ರೈಲ್ವೆಯಲ್ಲಿದ್ದೆ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರು ತಮಗೆ ತೋಚಿದ ಹುದ್ದೆಯನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಇದರಿಂದ ಯಾರಿಗೂ ಏನೂ ಕೆಡುಕಾಗಿರಲಿಲ್ಲ. ಆದರೆ ೨೦೦೬ರ ಫೆಬ್ರವರಿಯಲ್ಲಿ, ಅವರಿಗೆ ಅರವತ್ತೈದು ತುಂಬಿದ ವಾರದಲ್ಲಿ, ತಾವಿದ್ದ ಎಪ್ಪಿಂಗ್ ಬಡಾವಣೆಯ ಪಾರ್ಕಿನ ಬೆಂಚಿನ ಮೇಲೆ ಆ ಇಸ್ತ್ರಿ ಸ್ವಲ್ಪ ಜಾಸ್ತಿಯೇ ಕಾಯಿತು.

ಜೊತೆಗೆ ಕೂತಿದ್ದವರು ಈರಯ್ಯ. ಧಾರವಾಡದ ಸರಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿದ್ದು ನಿವೃತ್ತರಾದವರು. ಮಗ ಕಿರಣಕುಮಾರನ ಜೊತೆ ಇರಲೆಂದು ಬಂದು, ಕಮಿಲ್ಲಸ್ ಇದ್ದ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ನೆಲೆಸಿದ್ದರು. ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವರ ಪಿಂಚಣಿಯ ಮೇಲೆ. ತಿಂಗಳು ಹುಟ್ಟಿದೊಡನೆ ಊರಿನ ಬ್ಯಾಂಕಿಗೆ ಬಂದು ಬೀಳುವ ಪಿಂಚಣಿ, ಆಗಾಗ ಏರುವ ಡಿಎ, ವರ್ಷಕ್ಕೊಮ್ಮೆ ತಾನು ಇನ್ನೂ ಬದುಕಿದ್ದೇನೆಂದು ಸರಕಾರಕ್ಕೆ ಬರೆದುಕೊಡುವ ಗತ್ತು, ಇದನ್ನೆಲ್ಲ ಕಮಿಲ್ಲಸ್ ಬಹಳ ಕಾಲದಿಂದ ತಾಳ್ಮೆಯಿಂದ ಕೇಳುತ್ತ ಬಂದಿದ್ದರು. ಅವರಿಗೂ ಆಸ್ಟ್ರೇಲಿಯ ಸರಕಾರದ ಪಿಂಚಣಿ ಬರುವುದಿತ್ತು. ಆದರೆ ಅದು ಬೀದಿಯ ಎಲ್ಲ ಮುದುಕರಿಗೂ ಬರುವಂಥದ್ದು, ಅದರಲ್ಲಿ ಹೇಳಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಆ ದಿನ ಡಿಎ ಮತ್ತೆ ಏರಿದ ಸುದ್ದಿ ಬಂದಿತ್ತು. ಈರಯ್ಯ ಅದನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿ, ನಿಮ್ಮದು ಹೇಗೆ ಎಂಬಂತೆ ಕನಿಕರದಿಂದ ನೋಡಿದರು.

"ನಂಗೂ ಉಂಟು ಮಾಸ್ಟ್ರೆ," ಎಂದರು ಕಮಿಲ್ಲಸ್. "ಅರವತ್ತೈದಾಯ್ತಲ್ಲ, ಇನ್ನು ರಾಣಿ ಕೊಡ್ಲಿಕ್ಕೆ ಶುರು ಮಾಡ್ತಾಳೆ."

"ಯಾವ ರಾಣಿರೀ?"

"ಇಂಗ್ಲೆಂಡಿನ ರಾಣಿ. ನಂಗೆ ಬೇರೆ ಯಾವ ರಾಣಿ ಗೊತ್ತುಂಟು?"

ಈರಯ್ಯ ಬೆಂಚಿನಿಂದ ಎದ್ದು ನಿಂತರು. ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ನಿಲ್ಲುತ್ತಿದ್ದ ಹಾಗೆ.

ಅದು ಪೂರ್ತಿ ಸುಳ್ಳೂ ಅಲ್ಲ. ಆಸ್ಟ್ರೇಲಿಯಕ್ಕೆ ಬರುವ ಮೊದಲು ಕಮಿಲ್ಲಸ್ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ದುಡಿದವರು, ಮೊದಲು ಬೀಗ ಮಾಡುವ ಕಾರ್ಖಾನೆಯಲ್ಲಿ, ಆಮೇಲೆ ಕಾಗದ ವಿಂಗಡಿಸುವ ಅಂಚೆ ಕಚೇರಿಯಲ್ಲಿ. ಆಗ ಅಲ್ಲಿ ವಾರದ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಎಂದು ಒಂದಿಷ್ಟು ಹಿಡಿದು, ಕಾರ್ಡಿನ ಮೇಲೆ ವಾರಕ್ಕೊಂದು ಸ್ಟ್ಯಾಂಪ್ ಅಂಟಿಸುತ್ತಿದ್ದರು. ವಯಸ್ಸಾದ ಮೇಲೆ ಆ ಸ್ಟ್ಯಾಂಪುಗಳ ಮೇಲೆ ಪಿಂಚಣಿ. ಅದಕ್ಕೆಂದೇ ಕಮಿಲ್ಲಸ್ ಕ್ರಿಸ್‌ಮಸ್ಸಿಗೆ ಮೊದಲೇ ಇಂಗ್ಲೆಂಡಿಗೆ ಅರ್ಜಿ ಹಾಕಿದ್ದರು. ಉತ್ತರ ಇನ್ನೂ ಬಂದಿರಲಿಲ್ಲ. ಫೋನ್ ಮಾಡಿಯಾದರೂ ಕೇಳಿ ಎಂದು ಹೆಂಡತಿ ವಿಯೋಲಾ ಎಷ್ಟೋ ಸಲ ಹೇಳಿದ್ದರು. ಇಂಗ್ಲೆಂಡಿನವರನ್ನು ಹಾಗೆಲ್ಲ ಅವಸರ ಮಾಡಬಾರದು ಎಂಬುದು ಕಮಿಲ್ಲಸ್ಸರ ಅಭಿಪ್ರಾಯ.

ಈರಯ್ಯ ಮನೆಗೆ ಹೋದವರೇ ಮಗನಿಗೆ ಸುದ್ದಿ ಹೇಳಿದರು. ಕಿರಣಕುಮಾರನಿಗೆ ಅಲ್ಲೇ ಹತ್ತಿರದ ನಾರ್ವೆಸ್ಟಿನಲ್ಲಿ ಕಂಪ್ಯೂಟರ್ ಕೆಲಸ. ಕೆಳಗಿನ ಮನೆ ಅಂಕಲ್‌ಗೆ ರಾಣಿಯ ಕಡೆಯಿಂದ ಏನೋ ಮಂಜೂರಾಗಿದೆ ಎಂದು ಅವನು ಊಟದ ಹೊತ್ತಿಗೆ ಆಫೀಸಿನಲ್ಲಿ ಹೇಳಿದ. ಸಂಜೆ ಮೆಲ್ಬರ್ನಿನ ಗೆಳೆಯನಿಗೆ ಹೇಳುವಾಗ 'ಏನೋ' ಎಂಬುದು 'ಗೌರವ' ಆಗಿತ್ತು. ಆ ವರ್ಷ ಮಾರ್ಚಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ರಾಣಿಯೇ ಮೆಲ್ಬರ್ನಿಗೆ ಬರುವುದಿತ್ತು. ಸುದ್ದಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೇನು ಬೇಕು? ಮೆಲ್ಬರ್ನಿನ ಕನ್ನಡದವರಿಗೆ ತಲುಪುವಷ್ಟರಲ್ಲಿ, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮಂಗಳೂರಿನ ಹಿರಿಯರೊಬ್ಬರ ಜೀವಮಾನದ ಸೇವೆಯನ್ನು ಅರಮನೆ ಗುರುತಿಸಿದೆ ಎಂದಾಗಿತ್ತು.

ಮಗಳು ಜೆನಿಸ್ ಮೆಲ್ಬರ್ನಿನ ಹೊರವಲಯದ ವಿಂಡಮ್ ವೇಲ್‌ನಿಂದ ಫೋನ್ ಮಾಡಿದಳು. ಅವಳಿಗೆ ಮನೆಯ ಕೊಂಕಣಿಯೂ ಕನ್ನಡವೂ ಚೆನ್ನಾಗಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ಆರ್ ಯು ಎ ಸರ್ ನೌ?" ಎಂದು ಕೇಳಿದಳು. ಕಮಿಲ್ಲಸ್ ನಕ್ಕುಬಿಟ್ಟರು. ನಕ್ಕದ್ದನ್ನು ಅವಳ ಗಂಡ ಡ್ಯಾರಿಲ್ ಒಪ್ಪಿಗೆ ಎಂದು ತಿಳಿದ.

ಕಮಿಲ್ಲಸ್ ಸರಿಮಾಡಲು ನೋಡಲಿಲ್ಲವೆಂದಲ್ಲ. ಲಿಫ್ಟಿನಲ್ಲಿ ಸಿಕ್ಕ ಕಿರಣಕುಮಾರನಿಗೆ, ಅದೇನು ದೊಡ್ಡದಲ್ಲ, ದುಡಿದದ್ದಕ್ಕೆ ಕೊಡುತ್ತಾರೆ, ಎಲ್ಲರಿಗೂ ಕೊಡುತ್ತಾರೆ ಎಂದು ಬಿಡಿಸಿ ಹೇಳಿದರು. ಅವನು ಮನೆಗೆ ಹೋಗಿ, ಇಷ್ಟು ದೊಡ್ಡ ಮನುಷ್ಯ ಎಷ್ಟು ಸರಳ ಎಂದ. ಆಮೇಲೆ ಮೆಲ್ಬರ್ನಿನ ಕನ್ನಡ ಬಳಗದ ಅಧ್ಯಕ್ಷ ಸಿದ್ದಣ್ಣ ಫೋನ್ ಮಾಡಿದರು. ಬೆಳಗಾವಿಯವರು, ದನಿ ದೊಡ್ಡದು. ಯುಗಾದಿ ಕಾರ್ಯಕ್ರಮದಲ್ಲಿ ಸನ್ಮಾನ ಎಂದು ಬಳಗ ತೀರ್ಮಾನಿಸಿದೆ, ಮೈಸೂರು ಪೇಟ ಆಗಲೇ ತರಿಸಿ ಆಗಿದೆ, ಬರಲೇಬೇಕು ಎಂದರು. ಕಮಿಲ್ಲಸ್ ಇದು ಬರೀ ಪಿಂಚಣಿ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಸಿದ್ದಣ್ಣ ತಲೆಯ ಅಳತೆ ಕೇಳಿದರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಕಮಿಲ್ಲಸ್ಸರ ಅಭ್ಯಾಸ. ಅಳತೆ ಹೇಳಿದರು.

ಫೋನ್ ಇಟ್ಟ ಮೇಲೆ ವಿಯೋಲಾ ಮಡಚುತ್ತಿದ್ದ ಬಟ್ಟೆಯನ್ನು ಮಡಚಿ ಮುಗಿಸಿ, "ಮೆಲ್ಬರ್ನಿಗೆ ಹೋಗಿಯಾದ್ರೂ ಇಂಗ್ಲೆಂಡಿಗೊಂದು ಫೋನ್ ಮಾಡಿ," ಎಂದರು.

ಫೋನ್ ಮಾಡಿದ್ದು ಕಾರ್ಯಕ್ರಮದ ಹಿಂದಿನ ದಿನ, ಶುಕ್ರವಾರ ಸಂಜೆ, ಜೆನಿಸಳ ಹೊಸ ಮನೆಯ ಅಡುಗೆಕೋಣೆಯಿಂದ. ಇಂಗ್ಲೆಂಡಿನಲ್ಲಿ ಆಗಷ್ಟೇ ಆಫೀಸು ತೆರೆದ ಹೊತ್ತು. ಡ್ಯಾರಿಲ್ ಫೋನನ್ನು ಸ್ಪೀಕರಿಗೆ ಹಾಕಿದ. ಅತ್ತ ಕಡೆಯ ಹೆಂಗಸಿನ ಇಂಗ್ಲಿಷು ಉತ್ತರ ಇಂಗ್ಲೆಂಡಿನದು, ದನಿ ಬೆಲ್ಲದ ಹಾಗೆ. ಕಮಿಲ್ಲಸ್ಸರ ಹೆಸರು, ಹುಟ್ಟಿದ ದಿನ ಎಲ್ಲ ಕೇಳಿಕೊಂಡು ಕೊನೆಗೆ ಏನೋ ಹೇಳಿ "ಪೆಟ್" ಎಂದಳು. ಕಮಿಲ್ಲಸ್ ಗಂಭೀರವಾಗಿ, ನಾವು ಸಾಕುಪ್ರಾಣಿ ಇಟ್ಟುಕೊಂಡಿಲ್ಲ, ನಮ್ಮ ಫ್ಲ್ಯಾಟಿನಲ್ಲಿ ಅದಕ್ಕೆ ಪರ್ಮಿಷನ್ ಇಲ್ಲ ಎಂದು ತಿಳಿಸಿದರು. ಆ ಊರಿನವರು ಎಲ್ಲರನ್ನೂ ಪ್ರೀತಿಯಿಂದ ಹಾಗೆ ಕರೆಯುತ್ತಾರೆ ಎಂದು ವಿಯೋಲಾ ಪಕ್ಕದಿಂದ ಪಿಸುಗುಟ್ಟಿದರು. ಕಮಿಲ್ಲಸ್ ಕೆಂಪಾದರು.

ಅಷ್ಟು ಪ್ರೀತಿಯಿಂದ ಕರೆದವಳು ಹೇಳಿದ ಸುದ್ದಿ ಮಾತ್ರ ಪ್ರೀತಿಯದ್ದಾಗಿರಲಿಲ್ಲ. ಪೂರ್ತಿ ಪಿಂಚಣಿಗೆ ಗಂಡಸರು ನಲವತ್ತನಾಲ್ಕು ವರ್ಷ ಕಟ್ಟಿರಬೇಕು. ಕಡಿಮೆ ಕಟ್ಟಿದವರಿಗೆ ಕಟ್ಟಿದಷ್ಟರ ಪಾಲು ಬರುತ್ತದೆ, ಆದರೆ ಹನ್ನೊಂದು ವರ್ಷಕ್ಕಿಂತ ಕೆಳಗಿಳಿದರೆ ಏನೂ ಇಲ್ಲ. ಕಮಿಲ್ಲಸ್ಸರದ್ದು ಒಂಬತ್ತು.

"ಒಂಬತ್ತಕ್ಕೆ ಎಷ್ಟು?" ಎಂದು ಕಮಿಲ್ಲಸ್ ಕೇಳಿದರು.

ಒಂಬತ್ತಕ್ಕೆ ಏನೂ ಇಲ್ಲ ಎಂದು ಅವಳು ಮತ್ತೊಮ್ಮೆ, ಇನ್ನೂ ಮೆತ್ತಗೆ ಹೇಳಿದಳು. ಎಪ್ಪತ್ತರಿಂದ ಎಪ್ಪತ್ತೆರಡರವರೆಗೆ ಏನೂ ಕಾಣುತ್ತಿಲ್ಲವಲ್ಲ, ಆಗ ಕೆಲಸ ಇರಲಿಲ್ಲವೇ? ನಿರುದ್ಯೋಗಿ ಎಂದು ಲೇಬರ್ ಎಕ್ಸ್‌ಚೇಂಜಿಗೆ ಹೋಗಿ ಸಹಿ ಹಾಕಿದ್ದಿದ್ದರೆ ಆ ವಾರಗಳೆಲ್ಲ ಪುಕ್ಕಟೆಯಾಗಿ ಲೆಕ್ಕಕ್ಕೆ ಬರುತ್ತಿದ್ದವು ಎಂದಳು.

ಬೀಗದ ಕಾರ್ಖಾನೆಗೆ ಬೀಗ ಬಿದ್ದ ವರ್ಷ ಅದು. ಲೇಬರ್ ಎಕ್ಸ್‌ಚೇಂಜ್ ಇದ್ದದ್ದು ಇಗರ್ಜಿಗೆ ಹೋಗುವ ದಾರಿಯಲ್ಲೇ. ಅಲ್ಲಿ ಸಾಲಿನಲ್ಲಿ ನಿಂತದ್ದನ್ನು ಊರಿನವರು ಯಾರಾದರೂ ಕಂಡರೆ ಮಂಗಳೂರಿಗೆ ಸುದ್ದಿ ಮುಟ್ಟುವುದಕ್ಕೆ ಎಷ್ಟು ಹೊತ್ತು? ಅದಕ್ಕೇ ಕಮಿಲ್ಲಸ್ ಸಾಲಿನಲ್ಲಿ ನಿಲ್ಲಲಿಲ್ಲ. ಕೇಳಿದವರಿಗೆಲ್ಲ "ಲಾಂಗ್ ಲೀವ್" ಎಂದಿದ್ದರು. ಎರಡು ವರ್ಷದ ರಜೆ ಕೊಡುವ ಬೀಗದ ಕಾರ್ಖಾನೆ ಯಾವುದಪ್ಪಾ ಎಂದು ಆಗ ಯಾರೂ ಕೇಳಿರಲಿಲ್ಲ. ಮೂವತ್ತಾರು ವರ್ಷದ ಮೇಲೆ ಈಗ ಇವಳು ಕೇಳುತ್ತಿದ್ದಳು.

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ನಿಮ್ಮ ಹೆಂಡತಿ ಇಲ್ಲಿ ದುಡಿದಿದ್ದಾರೆಯೇ ಎಂದು ಕೇಳಿದಳು. ಅದರಿಂದ ಉಪಯೋಗವಿಲ್ಲ ಎಂದರು ಕಮಿಲ್ಲಸ್. ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದದ್ದು ನಿಜ. ಆದರೆ ಮದುವೆಯಾದ ಹೆಂಗಸರು ಪೂರ್ತಿ ಕಟ್ಟುವುದು ಬೇಡ, ಬರೆದುಕೊಟ್ಟರೆ ಚಿಕ್ಕ ಸ್ಟ್ಯಾಂಪ್ ಸಾಕು ಎಂದು ಆಗ ಕಾನೂನಿತ್ತು. ಚಿಕ್ಕ ಸ್ಟ್ಯಾಂಪಿಗೆ ಪಿಂಚಣಿ ಇಲ್ಲ. ನನ್ನ ಪಿಂಚಣಿಯ ಮೇಲೆ ಹೇಗೂ ನಿನಗೆ ಬರುತ್ತದೆ, ಸುಮ್ಮನೆ ಯಾಕೆ ಹಣ ಹಾಳು ಎಂದು ಕಮಿಲ್ಲಸ್ಸರೇ ಅರವತ್ತೇಳರಲ್ಲಿ ಮದುವೆಯಾದ ಹೊಸತರಲ್ಲಿ ಅವರಿಗೆ ತಿಳಿಹೇಳಿದ್ದರು. ವಿಯೋಲಾ ಹೂಂ ಎಂದಿದ್ದರು.

ವಿಯೋಲಾ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಂದರು. ತಮ್ಮ ಇನ್ಶೂರೆನ್ಸ್ ನಂಬರನ್ನು ಬಾಯಿಪಾಠ ಹೇಳಿದರು, ಜಪಮಾಲೆ ಹೇಳುವ ಹಾಗೆ. ಅತ್ತ ಕಡೆಯವಳು ಅದನ್ನು ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು: ಪೂರ್ತಿ ಸ್ಟ್ಯಾಂಪ್, ಹತ್ತು ವರ್ಷ, ಒಂದು ವಾರವೂ ಬಿಟ್ಟಿಲ್ಲ. ಹೆಂಗಸರಿಗೆ ಹತ್ತು ವರ್ಷ ಸಾಕು. ಅರವತ್ತು ತುಂಬಿದ ದಿನದಿಂದಲೇ ಪಿಂಚಣಿ ಸಿಗಬೇಕಿತ್ತು, ಇಷ್ಟು ದಿನ ಯಾಕೆ ಕೇಳಲಿಲ್ಲ, ಪೆಟ್?

ಕಮಿಲ್ಲಸ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ನೀನು ಸಹಿ ಹಾಕ್ಲಿಲ್ವಾ?"

"ಇಲ್ಲ."

"ಹೂಂ ಅಂದಿದ್ದಿ."

"ನೀವು ಹೇಳಿದ್ದು ಕೇಳಿಸ್ತು ಅಂತ ಹೂಂ ಅಂದದ್ದು," ಎಂದರು ವಿಯೋಲಾ. "ಸಹಿ ಹಾಕುವ ಆಫೀಸು ಆಸ್ಪತ್ರೆಯ ಆಚೆ ಕೊನೆಯಲ್ಲಿತ್ತು. ನೈಟ್ ಡ್ಯೂಟಿ ಮುಗ್ಸಿ ಅಷ್ಟು ದೂರ ಯಾರು ನಡೀತಾರೆ?"

ಇದು ನಿಜವೋ, ಇಸ್ತ್ರಿ ಹಾಕಿದ ನಿಜವೋ, ಕಮಿಲ್ಲಸ್ಸರಿಗೆ ಗೊತ್ತಾಗಲಿಲ್ಲ. ಅವರು ಎದ್ದು ಹಿತ್ತಿಲಿಗೆ ಹೋಗಿ, ಇನ್ನೂ ಹುಲ್ಲು ಹಿಡಿಯದ ಮಣ್ಣಿನ ಮೇಲೆ ನಿಂತರು. ವಿಯೋಲಾ ಒಳಗೆ ಆ ಹೆಂಗಸಿನ ಜೊತೆ ಬಹಳ ಹೊತ್ತು ಮಾತಾಡುತ್ತಿದ್ದರು. ಕಮಿಲ್ಲಸ್ ಅದೊಂದನ್ನೂ ಕೇಳಲಿಲ್ಲ. ಡ್ಯಾರಿಲ್ ಬಂದು ಪಕ್ಕದಲ್ಲಿ ನಿಂತಾಗ ಒಂದೇ ಮಾತು ಹೇಳಿದರು: "ಒಂಬತ್ತು ವರ್ಷ ಅಲ್ಲಿ ಚಳಿಯಲ್ಲಿ ಸತ್ತಿದ್ದೇನೆ ಮಾರಾಯ. ಅವರ ಲೆಕ್ಕದಲ್ಲಿ ನಾನು ಅಲ್ಲಿಗೆ ಹೋಗ್ಲೇ ಇಲ್ಲ."

ಮರುದಿನ ಮಧ್ಯಾಹ್ನ ಹಾಲ್ ತುಂಬಿತ್ತು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಬೆಂಗಳೂರಿನವರೆಲ್ಲ ಬಂದಿದ್ದರು. ಬೇವು ಬೆಲ್ಲ ಹಂಚಿದ ಕೂಡಲೇ ಸಿದ್ದಣ್ಣ ಮೈಕು ಹಿಡಿದು, ಮಂಗಳೂರಿನ ಕಡಲಿನಿಂದ ಅರಮನೆಯ ಮೆಟ್ಟಿಲಿನವರೆಗೆ ಕಮಿಲ್ಲಸ್ಸರ ಜೀವನವನ್ನು ಬಣ್ಣಿಸಿದರು. ಕೇಳುತ್ತ ಕೂತ ಕಮಿಲ್ಲಸ್ಸರಿಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು, ಅವನು ತಾವಲ್ಲ ಎಂಬುದೊಂದೇ ಕೊರತೆ. ಶಾಲು ಹೊದಿಸಿದರು. ಪೇಟ ತಲೆಯ ಮೇಲೆ ಸರಿಯಾಗಿ ಕೂತಿತು, ಅಳತೆ ಹೇಳಿದ್ದರಲ್ಲ. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು.

ಕಮಿಲ್ಲಸ್ ಸಭೆಯನ್ನು ನೋಡಿದರು. ಮುಂದಿನ ಸಾಲಿನಲ್ಲಿ ವಿಯೋಲಾ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದರು. ಅವರ ಮುಖದಲ್ಲಿ ಹೇಳಿ ಎಂದೂ ಇರಲಿಲ್ಲ, ಬೇಡ ಎಂದೂ ಇರಲಿಲ್ಲ.

"ನಾನು ರೈಲ್ವೆಯಲ್ಲಿ ಟಿಕೆಟ್ ಕೊಡ್ತಿದ್ದೆ," ಎಂದರು ಕಮಿಲ್ಲಸ್. "ರಾಣಿ ನಂಗೆ ಎಂತದೂ ಕೊಡ್ಲಿಲ್ಲ. ಗೌರವವೂ ಇಲ್ಲ, ಪಿಂಚಣಿಯೂ ಇಲ್ಲ. ಎರಡು ವರ್ಷ ಕಮ್ಮಿ ಬಿತ್ತು. ಪಿಂಚಣಿ ಬರ್ಲಿಕ್ಕಿರೋದು ಇವಳಿಗೆ. ಹತ್ತು ವರ್ಷ ರಾತ್ರಿಯೆಲ್ಲ ನಿಂತು ಕಾಯಿಲೆಯವರನ್ನು ನೋಡಿದವಳು ಇವಳು. ನಾನು ಬೇಡ ಅಂದದ್ದನ್ನೂ ಕೇಳದೆ ಕಟ್ಟಿದ್ದಾಳೆ. ಶಾಲು ಹಾಕುವುದಿದ್ರೆ ಅವಳಿಗೆ ಹಾಕಿ."

ಸಭೆಗೆ ನಗಬೇಕೋ ಚಪ್ಪಾಳೆ ತಟ್ಟಬೇಕೋ ತಿಳಿಯಲಿಲ್ಲ. ಸಿದ್ದಣ್ಣ ಮಾತ್ರ ಇಂಥ ಎಷ್ಟೋ ಸಭೆಗಳನ್ನು ಕಂಡವರು. ಒಂದು ಕ್ಷಣವೂ ತಡಮಾಡದೆ ಕಮಿಲ್ಲಸ್ಸರ ತಲೆಯಿಂದ ಪೇಟ ತೆಗೆದು, ಕೆಳಗಿಳಿದು ವಿಯೋಲಾರ ತಲೆಗೆ ಇಟ್ಟೇಬಿಟ್ಟರು. ಅದು ಅವರ ತುರುಬಿಗೆ ತಗುಲಿ ಓರೆಯಾಗಿ ನಿಂತಿತು. ಆಗ ಚಪ್ಪಾಳೆ ಬಿತ್ತು. ವಿಯೋಲಾ ಪೇಟವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಊಟಕ್ಕೆ ತಡವಾಗುತ್ತದೆ ಎಂದರು.

ಊಟದ ಹೊತ್ತಿಗೆ ಕಮಿಲ್ಲಸ್ಸರ ಹಗರಣವನ್ನು ಎಲ್ಲರೂ ಮರೆತುಬಿಟ್ಟಿದ್ದರು, ಯಾಕೆಂದರೆ ಸಭೆಯಲ್ಲಿ ಇಂಗ್ಲೆಂಡಿನಲ್ಲಿ ದುಡಿದು ಬಂದವರು ಒಬ್ಬಿಬ್ಬರಲ್ಲ. ಎಲ್ಲರೂ ತಟ್ಟೆ ಹಿಡಿದುಕೊಂಡು ವಿಯೋಲಾರ ಸುತ್ತ ಸೇರಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಮೂರು ವರ್ಷ ಇದ್ದೆ, ನನಗೆ ಏನಾದರೂ ಬರುತ್ತದೆಯೇ ಆಂಟಿ? ನನ್ನ ಗಂಡ ಅಲ್ಲಿ ಓದುತ್ತಿದ್ದಾಗ ಶನಿವಾರ ಶನಿವಾರ ಅಂಗಡಿಯಲ್ಲಿದ್ದರು, ಅದು ಲೆಕ್ಕಕ್ಕೆ ಬರುತ್ತದೆಯೇ? ವಿಯೋಲಾ ಒಬ್ಬೊಬ್ಬರಿಗೂ, ಸುಮ್ಮನೆ ಯೋಚನೆ ಮಾಡ್ಬೇಡಿ, ಫೋನ್ ಮಾಡಿ ಕೇಳಿ ಎಂದು ಹೇಳಿ ಸುಸ್ತಾದರು. ಅವರ ಪಾಲಿನ ಹೋಳಿಗೆಯನ್ನು ಕಮಿಲ್ಲಸ್ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು, ಯಾರೂ ತೆಗೆದುಕೊಂಡು ಹೋಗದ ಹಾಗೆ.

ಸಿಡ್ನಿಗೆ ಬಂದ ಮೇಲೆ ಈರಯ್ಯನವರಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಕಮಿಲ್ಲಸ್ ಬೆಂಚಿನ ಮೇಲೆ ಕೂತು, ತಲೆಯೆತ್ತದೆ ಎಲ್ಲವನ್ನೂ ಹೇಳಿದರು. ಈರಯ್ಯ ಅಡ್ಡ ಮಾತಾಡದೆ ಕೇಳಿದರು. ಕೊನೆಗೆ ಕೇಳಿದ್ದು ಒಂದೇ, ವಿಯೋಲಾ ಅವರ ಪಿಂಚಣಿಗೆ ಡಿಎ ಎಷ್ಟು ಎಂದು. ಆಸ್ಟ್ರೇಲಿಯದಲ್ಲಿ ಇರುವವರಿಗೆ ಇಂಗ್ಲೆಂಡಿನವರು ಅದನ್ನು ಏರಿಸುವುದೇ ಇಲ್ಲ, ಮೊದಲ ದಿನ ಎಷ್ಟೋ ಸಾಯುವ ತನಕ ಅಷ್ಟೇ ಎಂದರು ಕಮಿಲ್ಲಸ್.

ಈರಯ್ಯನವರಿಗೆ ನಿಜವಾಗಿಯೂ ನೋವಾಯಿತು. "ಡಿಎ ಇಲ್ಲದ ಪಿಂಚಣಿ ಏನ್ ಪಿಂಚಣಿರೀ ಅದು," ಎಂದು ಅವರ ಬೆನ್ನು ತಟ್ಟಿ, "ನೀವ್ ಮನಸಿಗೆ ಹಚ್ಕೋಬ್ಯಾಡ್ರಿ," ಎಂದರು. "ಇಲ್ಲಿ ನನಗ ಮಾತಾಡ್ಲಿಕ್ಕೆ ಯಾರದಾರ? ನೀವು ಟಿಕೆಟ್ ಕೊಟ್ಟಿದ್ರೂ ಅಷ್ಟ, ರೈಲೇ ಓಡಿಸಿದ್ರೂ ಅಷ್ಟ. ನಾಳೆನೂ ಬರ್ರಿ."

ಜೂನ್ ತಿಂಗಳಲ್ಲಿ ವಿಯೋಲಾರ ಹಣ ಬಂತು, ಹಿಂದಿನ ಬಾಕಿಯೂ ಸೇರಿ. ಅಂದು ಬೆಳಗಿನ ಚಹಾದ ಹೊತ್ತಿಗೆ, ತಾವು ಆ ಹಣದಲ್ಲಿ ಏನು ಮಾಡುವುದೆಂದು ನಿಶ್ಚಯಿಸಿ ಆಗಿದೆ ಎಂದರು. ಎಪ್ಪತ್ತರ ಆ ಎರಡು ವರ್ಷವನ್ನು ಈಗ ತುಂಬಲು ಬರುವುದಿಲ್ಲ. ಆದರೆ ಈಚಿನ ಕೆಲವು ವರ್ಷಗಳ ಕಂತನ್ನು ಇಲ್ಲಿಂದಲೇ ಕಟ್ಟಲು ಬಿಡುತ್ತಾರೆ. ಯಾವ ವರ್ಷವಾದರೇನು, ಎರಡು ಸೇರಿದರೆ ಹನ್ನೊಂದಾಗುತ್ತದೆ. ಅಂದು ಕಮಿಲ್ಲಸ್ ಹಿತ್ತಿಲಿನಲ್ಲಿ ನಿಂತಿದ್ದಾಗ ವಿಯೋಲಾ ಫೋನಿನಲ್ಲಿ ಕೇಳುತ್ತಿದ್ದದ್ದು ಇದನ್ನೇ.

ಕಮಿಲ್ಲಸ್ ಚಹಾ ಕೆಳಗಿಟ್ಟು ಬೇಡವೇ ಬೇಡ ಎಂದರು. ನಿನ್ನ ದುಡಿಮೆಯದ್ದು, ನಿನಗೆ ಬೇಕಾದದ್ದು ತೆಗೆದುಕೋ, ಊರಿಗೆ ಹೋಗಿ ಬಾ, ನನ್ನ ದೊಡ್ಡಸ್ತಿಕೆಗೆ ನೀನು ಯಾಕೆ ದಂಡ ಕಟ್ಟಬೇಕು ಎಂದು ಬಹಳ ಹೇಳಿದರು. ವಿಯೋಲಾ ಅವರು ಮುಗಿಸುವ ತನಕ ಕಾದರು.

"ಆ ಎರಡು ವರ್ಷ ನೀವು ಸಾಲಿನಲ್ಲಿ ನಿಲ್ಲದೆ ಮನೆಯಲ್ಲಿ ಎಂತ ಮಾಡಿದ್ರಿ?" ಎಂದು ಕೇಳಿದರು.

ಕಮಿಲ್ಲಸ್ ಯೋಚಿಸಿದರು. "ಎಂತದೂ ಇಲ್ಲ. ಜೆನಿಸ್ ಇದ್ದಳಲ್ಲ."

"ಅವಳಿಗೆ ಆಗ ಒಂದು ವರ್ಷ. ಅವಳನ್ನು ನೀವು ನೋಡ್ಕೊಂಡ್ರಿ. ನಾನು ಬೆಳಿಗ್ಗೆ ಬರುವಾಗ ಅವಳಿಗೆ ಸ್ನಾನ ಆಗಿರ್ತಿತ್ತು, ನಂಗೆ ಗಂಜಿ ಆಗಿರ್ತಿತ್ತು. ನೀವು ಇಲ್ಲದಿದ್ರೆ ನಾನು ಕೆಲಸ ಬಿಡ್ಬೇಕಿತ್ತು. ನನ್ನದೂ ಎಂಟೇ ವರ್ಷ ಆಗ್ತಿತ್ತು." ವಿಯೋಲಾ ಎದ್ದು ಲೋಟಗಳನ್ನು ತೆಗೆದರು. "ಹತ್ತರಲ್ಲಿ ಎರಡು ನಿಮ್ಮದೇ. ನಾನು ವಾಪಸ್ ಕೊಡ್ತಾ ಇದ್ದೇನೆ, ಅಷ್ಟೆ."

ಅಂಥ ಹೊತ್ತಿನಲ್ಲಿ ಕಮಿಲ್ಲಸ್ ಏನಾದರೂ ಕೆಲಸ ಹುಡುಕಿಕೊಳ್ಳುವವರು. ಎದ್ದು ಹೋಗಿ, ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆದರು.

ಸಂಜೆ ಇಂಗ್ಲೆಂಡಿಗೆ ಫೋನ್ ಮಾಡಿದ್ದು ಅವರೇ. ಈ ಸಲ ಸಿಕ್ಕಿದವನು ಬೇರೆ ಒಬ್ಬ, ಎಳೆಯ ದನಿಯವನು, ಓದಿ ಹೇಳಿದಂತೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದ. ಹೆಸರು ಕೇಳಿದ, ಯಾವ ಯಾವ ವರ್ಷಕ್ಕೆ ಕಟ್ಟುತ್ತೀರಿ ಎಂದು ಕೇಳಿದ. ಆಮೇಲೆ, ಈ ಹಣವನ್ನು ನೀವೇ ಕಟ್ಟುತ್ತೀರೋ ಅಥವಾ ನಿಮ್ಮ ಪರವಾಗಿ ಎಂಪ್ಲಾಯರ್ ಕಟ್ಟುತ್ತಾರೋ ಎಂದು ಕೇಳಿದ.

ಕಮಿಲ್ಲಸ್ ಮೇಜಿನ ಆಚೆ ನೋಡಿದರು. ವಿಯೋಲಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬೀನ್ಸ್ ಹೆಚ್ಚುತ್ತಿದ್ದರು.

"ಎಂಪ್ಲಾಯರ್," ಎಂದರು ಕಮಿಲ್ಲಸ್.

ಅವರ ಬಳಿ ಯಾವಾಗಿನಿಂದ ಇದ್ದೀರಿ ಎಂದು ಅವನು ಕೇಳಿದ.

"ಅರವತ್ತೇಳನೇ ಇಸವಿಯಿಂದ," ಎಂದರು ಕಮಿಲ್ಲಸ್. "ಈವರೆಗೆ ಬಿಟ್ಟು ಹೋಗಿಲ್ಲ. ಅವರೂ ತೆಗೆದುಹಾಕಿಲ್ಲ."